ಮತ್ತೊಮ್ಮೆ ಓಡಿಸಿ ನೋಡಿ

ನಮ್ಮ ತಂಡದ ಹಳೇ ಮೆಸೇಜುಗಳಲ್ಲಿ ಮೊನ್ನೆ ಏನೋ ಹುಡುಕುತ್ತಿದ್ದೆ. ಹುಡುಕಿದ್ದು ಸಿಗಲಿಲ್ಲ. ಆದರೆ ಒಂದೇ ಮಾತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು: "ಮತ್ತೊಮ್ಮೆ ಓಡಿಸಿ ನೋಡಿ." ಕುತೂಹಲಕ್ಕೆ ಎಣಿಸಿದೆ. ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳೊಂದರಲ್ಲೇ 41 ಸಲ ಇತ್ತು. ಅದರಲ್ಲಿ 26 ನಾನೇ ಬರೆದದ್ದು. ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಸಾಫ್ಟ್‌ವೇರ್ ಕೆಲಸದಲ್ಲಿ ಇರುವವರಿಗೆ ಆ ಮಾತು ಎಲ್ಲಿಂದ ಬರುತ್ತದೆ ಅಂತ ಹೇಳಬೇಕಿಲ್ಲ. ಕೋಡು ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡುವ ಟೆಸ್ಟುಗಳು ರಾತ್ರಿ ತಾವಾಗೇ ಓಡುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಆರುನೂರು ಚಿಲ್ಲರೆಯಲ್ಲಿ ಒಂದೋ ಎರಡೋ ಕೆಂಪಗಿರುತ್ತವೆ, ಅಂದರೆ ಫೇಲ್. ಕಾಫಿ ಕುಡಿಯುತ್ತಾ ಮತ್ತೊಮ್ಮೆ ಓಡಿಸಿದರೆ ಎಲ್ಲಾ ಹಸಿರು. ಕೋಡಿನಲ್ಲಿ ಒಂದಕ್ಷರ ಬದಲಾಗಿಲ್ಲ, ಫಲಿತಾಂಶ ಮಾತ್ರ ಬೇರೆ. ಇಂಥ ಟೆಸ್ಟಿಗೆ ಫ್ಲೇಕಿ ಅಂತ ಹೆಸರಿಟ್ಟು ಮುಂದೆ ಹೋಗುತ್ತೇವೆ. ಹೆಸರಿಟ್ಟ ಮೇಲೆ ಅದು ಕಾಯಿಲೆ ಅನ್ನಿಸುವುದಿಲ್ಲ, ಸ್ವಭಾವ ಅನ್ನಿಸುತ್ತದೆ. ಮನೆಯಲ್ಲಿ ಒಬ್ಬರು "ಅವನು ಇರೋದೇ ಹಂಗೆ" ಅನ್ನಿಸಿಕೊಂಡು ಬದುಕಿಬಿಡುತ್ತಾರಲ್ಲ, ಹಾಗೆ.

ನಮ್ಮದು ಐದು ಜನರ ತಂಡ. ಮಂಡಿ ಅಂಗಡಿಗಳಿಗೆ, ದಲ್ಲಾಳಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ರೈತ ಮಾಲು ತಂದ, ತೂಕ ಆಯಿತು, ಹರಾಜಾಯಿತು, ಹಮಾಲಿ ಕಳೆದು ಪಟ್ಟಿ (ಲೆಕ್ಕದ ಚೀಟಿ) ಬರೆದು ಕೊಟ್ಟರು. ಅಷ್ಟೇ ಕೆಲಸ. ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯ ಮಹಡಿ ಮೇಲೆ ಕೂತು ಕೋಡ್ ಬರೆಯುತ್ತೇನೆ. ಟೆಸ್ಟಿಂಗ್ ನೋಡಿಕೊಳ್ಳುವ ಸಹೋದ್ಯೋಗಿ ಚಿತ್ರದುರ್ಗದವರು, ಅಲ್ಲಿಂದಲೇ ಕೆಲಸ. ಉಳಿದ ಮೂವರು ಬೆಂಗಳೂರು. ಒಬ್ಬರ ಮುಖ ಒಬ್ಬರು ನೋಡುವುದು ವರ್ಷಕ್ಕೆ ಎರಡು ಸಲ. ಹಾಗಾಗಿ ನಮ್ಮ ಜಗಳ, ಸಲಹೆ, ತಪ್ಪು ಎಲ್ಲವೂ ಬರಹದಲ್ಲೇ ಉಳಿದಿವೆ. ಅಳಿಸಿಹಾಕಲೂ ಮನಸ್ಸು ಬರುವುದಿಲ್ಲ.

ಏಪ್ರಿಲ್ 1, ಬೆಳಗಿನ ಜಾವ

ಆ ವರ್ಷದ ಮಾರ್ಚ್ ಕೊನೆಯವರೆಗೆ ನಮ್ಮ ಗಿರಾಕಿಗಳೆಲ್ಲ ಮೆಕ್ಕೆಜೋಳ, ಅಡಿಕೆ ಅಂಗಡಿಯವರು. ಬಾಗಿಲು ತೆಗೆಯುವುದೇ ಹತ್ತರ ಮೇಲೆ. ಮಾರ್ಚ್ 27ಕ್ಕೆ ಮೊದಲ ತರಕಾರಿ ದಲ್ಲಾಳಿ ಸೇರಿಕೊಂಡರು. ತರಕಾರಿ ವ್ಯಾಪಾರದ ಗಡಿಯಾರವೇ ಬೇರೆ. ನಾವು ಎದ್ದು ಹಲ್ಲುಜ್ಜುವ ಹೊತ್ತಿಗೆ ಅವರ ಅರ್ಧ ದಿನ ಮುಗಿದಿರುತ್ತದೆ. ನಾಲ್ಕೂವರೆಗೆ ಪಟ್ಟಿ ಶುರು.

ಏಪ್ರಿಲ್ 1ರ ಬೆಳಿಗ್ಗೆ ಆರಕ್ಕೆ ಫೋನ್ ಬಂತು. "ತಮ್ಮಾ, ಇದೇನಿದು? ಮೊದಲ್ನೇ ಪಟ್ಟಿಗೆ ನಂಬರ್ 643 ಬಂದೈತಿ. ಇಪ್ಪತ್ತು ಪಟ್ಟಿ ಆದ ಮೇಲೆ ಒಂದು ಅಂತ ಬಂದೈತಿ. ನಡುವೆ ವರ್ಷ ಯಾವಾಗ ಬದಲಾತು?" ಗಾಡಿ ತೆಗೆದುಕೊಂಡು ಹೋದೆ. ಅಂಗಡಿ ಮುಂದೆ ಸೌತೆಕಾಯಿ ಚೀಲಗಳ ನಡುವೆ ಮುದುರಿದ ಪಟ್ಟಿಗಳನ್ನು ಹಿಡಿದು ಗುಮಾಸ್ತ ನಿಂತಿದ್ದ. ನೋಡಿದೆ. ಅವತ್ತಿನ ಮೊದಲ ಇಪ್ಪತ್ತು ಪಟ್ಟಿಗಳ ತಾರೀಖು 31 ಮಾರ್ಚ್. ಅಂದರೆ ಹೋದ ಹಣಕಾಸು ವರ್ಷ. ಇಪ್ಪತ್ತೊಂದನೆಯದರಿಂದ 1 ಏಪ್ರಿಲ್, ನಂಬರ್ ಒಂದರಿಂದ ಶುರು. ಇಪ್ಪತ್ತನೆಯದಕ್ಕೂ ಇಪ್ಪತ್ತೊಂದನೆಯದಕ್ಕೂ ಇದ್ದ ಅಂತರ ಐದು ನಿಮಿಷ.

"ಇಷ್ಟು ದಿನ ತಾರೀಖು ಸರಿ ಬರ್ತಿತ್ತಾ?" ಅಂತ ಗುಮಾಸ್ತನನ್ನು ಕೇಳಿದೆ. "ಇಲ್ಲ ಸರ, ದಿನಾ ಬೆಳಿಗ್ಗೆ ನಿನ್ನೆದೇ ತಾರೀಖು ಬರ್ತಿತ್ತು. ಕಂಪ್ಯೂಟರ್ ಲೆಕ್ಕ ಹಂಗೇ ಇರಬೇಕು ಅನ್ಕೊಂಡೆ" ಅಂದ. ಐದು ದಿನ ಅವನು ಯಂತ್ರವನ್ನು ನಂಬಿದ್ದ. ನಾನು ನನ್ನದೇ ಯಂತ್ರವನ್ನು ನಂಬದೆ ಮತ್ತೊಮ್ಮೆ ಓಡಿಸುತ್ತಿದ್ದೆ. ಇಬ್ಬರದೂ ತಪ್ಪು, ಆದರೆ ಸಂಬಳ ತೆಗೆದುಕೊಳ್ಳುತ್ತಿದ್ದದ್ದು ನಾನು.

ಕಾರಣ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಸರ್ವರಿನ ಗಡಿಯಾರ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ಮಧ್ಯರಾತ್ರಿ ಕಳೆದರೂ ಬೆಳಿಗ್ಗೆ 5:30ರವರೆಗೆ ಅಲ್ಲಿ ಇನ್ನೂ ನಿನ್ನೆ. ನಾನು ಬರೆದ ಕೋಡು "ಇವತ್ತು ಯಾವ ತಾರೀಖು" ಅಂತ ಸರ್ವರನ್ನೇ ಕೇಳುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಭಾರತದ ಸಮಯ ಇರುವುದರಿಂದ ಇಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಸರಿ. ಹತ್ತು ಗಂಟೆಗೆ ಬಾಗಿಲು ತೆಗೆಯುವ ಅಡಿಕೆ ಅಂಗಡಿಯಲ್ಲೂ ಸರಿ. ತಪ್ಪು ಇದ್ದದ್ದು ಮಧ್ಯರಾತ್ರಿಯಿಂದ ಐದೂವರೆಯ ತನಕ ಮಾತ್ರ. ಆ ಹೊತ್ತಿನಲ್ಲಿ ಎಚ್ಚರ ಇರುವುದು ತರಕಾರಿಯವರು, ಹಾಲಿನವರು, ಮತ್ತೆ ನಮ್ಮ ಟೆಸ್ಟುಗಳು.

ಹನ್ನೊಂದೂಕಾಲು

ಇಲ್ಲಿಗೆ ಮುಗಿದಿದ್ದರೆ ಇದು ಎಲ್ಲರಿಗೂ ಗೊತ್ತಿರುವ ಟೈಮ್‌ಝೋನ್ ಕಥೆ. ಬರೆಯುವ ಅಗತ್ಯ ಇರಲಿಲ್ಲ. ನನ್ನನ್ನು ಈಗಲೂ ಚುಚ್ಚುವುದು ಬೇರೆ. ಆ ತಪ್ಪನ್ನು ಹಿಡಿಯುವ ಟೆಸ್ಟ್ ನಮ್ಮಲ್ಲಿತ್ತು. ಹಿಡಿದೂ ಇತ್ತು.

ಆ ಟೆಸ್ಟ್ ಒಂದು ಪಟ್ಟಿ ಬರೆದು, ಅದರ ತಾರೀಖು ಭಾರತದ ಇವತ್ತಿನ ತಾರೀಖಿಗೆ ಹೊಂದುತ್ತದಾ ಅಂತ ನೋಡುತ್ತಿತ್ತು. ವಾರಕ್ಕೆ ನಾಲ್ಕೈದು ದಿನ ಕೆಂಪಗಾಗುತ್ತಿತ್ತು. ನಾವು ಹತ್ತು ಗಂಟೆಗೆ ಮತ್ತೊಮ್ಮೆ ಓಡಿಸುತ್ತಿದ್ದೆವು. ಹತ್ತು ಗಂಟೆಗೆ ಸರ್ವರಿನ ಗಡಿಯಾರವೂ ನಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ಹಸಿರು.

ದಿನವೂ ಯಾಕೆ ಬೀಳುತ್ತಿರಲಿಲ್ಲ? ಅದಕ್ಕೊಂದು ತಮಾಷೆಯ ಕಾರಣ ಇದೆ. ರಾತ್ರಿ ಓಟದ ಸಮಯವನ್ನು ಯಾರೋ (ಸರಿ, ನಾನೇ) 23:15 ಅಂತ ಬರೆದಿದ್ದೆ. ಮನಸ್ಸಿನಲ್ಲಿದ್ದದ್ದು ಊಟ ಮಾಡಿ ಮಲಗುವ ಹನ್ನೊಂದೂಕಾಲು. ಅದೂ ಯುಟಿಸಿ ಯಂತ್ರವೇ ಆದ್ದರಿಂದ ಓಟ ಶುರುವಾಗುತ್ತಿದ್ದದ್ದು ನಮ್ಮ ಬೆಳಿಗ್ಗೆ 4:45ಕ್ಕೆ. ಪೂರ್ತಿ ಮುಗಿಯಲು ಒಂದು ಗಂಟೆ ಮೇಲೆ ಬೇಕು. ಟೆಸ್ಟುಗಳ ಸಾಲನ್ನು ನಾವು ದಿನಾ ಕಲಸುತ್ತೇವೆ, ಒಂದರ ಮೇಲೊಂದು ಆತುಕೊಂಡಿದ್ದರೆ ಗೊತ್ತಾಗಲಿ ಅಂತ. ಹಾಗಾಗಿ ತಾರೀಖಿನ ಟೆಸ್ಟ್ ಐದೂವರೆಯ ಒಳಗೆ ಬಂದ ದಿನ ಕೆಂಪು, ಆಮೇಲೆ ಬಂದ ದಿನ ಹಸಿರು. ಕಾಸು ಚಿಮ್ಮಿದ ಹಾಗೆ ಕಾಣುತ್ತಿತ್ತು. ಒಳಗೆ ಗಡಿಯಾರದಷ್ಟೇ ನಿಯಮ ಇತ್ತು.

ಮಾರ್ಚ್ 9ಕ್ಕೆ ನಮ್ಮ ಚಿತ್ರದುರ್ಗದ ಸಹೋದ್ಯೋಗಿ ಬರೆದಿದ್ದಾರೆ: "ಸರ್, ಇದು ಓಟದ ಮೊದಲರ್ಧದಲ್ಲಿ ಬಂದಾಗ ಮಾತ್ರ ಬೀಳ್ತಿದೆ ಅನ್ಸುತ್ತೆ." ಅದರ ಕೆಳಗೆ ನನ್ನ ಉತ್ತರ ಇದೆ. ಏನಂತ ನಿಮಗೆ ಗೊತ್ತಾಗಿರಬೇಕು. ಆಕೆ ಮತ್ತೆ ಕೇಳಲಿಲ್ಲ. ನಾನು ಬಯ್ದಿರಲಿಲ್ಲ, ಮರ್ಯಾದೆಯಿಂದಲೇ ಬರೆದಿದ್ದೆ. ಆದರೂ ಅದೊಂದು ಬಾಗಿಲು ಮುಚ್ಚುವ ಮಾತೇ ತಾನೇ?

ಈ ರೋಗ ನಮ್ಮೊಬ್ಬರದಲ್ಲ ಅಂತ ಸಮಾಧಾನ ಬೇಕಿದ್ದರೆ ಇದೆ. 2016ರಲ್ಲಿ ಗೂಗಲ್‌ನವರು ತಮ್ಮ ಟೆಸ್ಟುಗಳ ಲೆಕ್ಕ ಹೊರಗಿಟ್ಟಿದ್ದರು. ಅವರಲ್ಲಿ ಸುಮಾರು ಶೇ. 16 ಟೆಸ್ಟುಗಳಲ್ಲಿ ಈ ಹೊಯ್ದಾಟ ಒಂದಿಷ್ಟಾದರೂ ಇತ್ತು. ಹಸಿರಿದ್ದದ್ದು ಕೆಂಪಾದ ಸಂದರ್ಭಗಳಲ್ಲಿ ಶೇ. 84ರಲ್ಲಿ ಇಂಥದ್ದೇ ಟೆಸ್ಟಿನ ಕೈವಾಡ ಇತ್ತಂತೆ. ಈ ಎರಡನೇ ಅಂಕಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಆರು ಸಲ ಗಂಟೆ ಬಾರಿಸಿದರೆ ಐದು ಸಲ ಸುಳ್ಳು. ಆರನೇ ಸಲ ಯಾರು ಏಳುತ್ತಾರೆ? ಇನ್ನೊಂದು ಮಾತು: ಹೊಯ್ದಾಡುವ ಟೆಸ್ಟ್ ಅಂದರೆ ಟೆಸ್ಟಿನದೇ ತಪ್ಪು ಅಂತ ನಾವು ತೀರ್ಮಾನಿಸಿಬಿಡುತ್ತೇವೆ. ನಮ್ಮ ಟೆಸ್ಟ್ ಹೇಳಿದ್ದರಲ್ಲಿ ಸುಳ್ಳೇ ಇರಲಿಲ್ಲ. ಅದು ನಿಂತಿದ್ದ ನೆಲ ಸರಿ ಇರಲಿಲ್ಲ. ಯಾವ ಹೊತ್ತಿನಲ್ಲಿ ನೋಡುತ್ತಿದ್ದೇವೆ ಅನ್ನುವುದು ನಮ್ಮ ಕೈಯಲ್ಲಿರಲಿಲ್ಲ.

ಗೋಡೆಗೆ ತಾಗಿದ ಚೀಲ

ಅಪ್ಪ ಇದೇ ಊರಿನ ಮಂಡಿಯಲ್ಲಿ ತೂಕ ಬರೆಯುವ ಗುಮಾಸ್ತರಾಗಿದ್ದರು. ಬೇಸಿಗೆ ರಜೆಯಲ್ಲಿ ಮಧ್ಯಾಹ್ನದ ಬುತ್ತಿ ಕೊಡಲು ನಾನು ಹೋಗುತ್ತಿದ್ದೆ. ಬುತ್ತಿ ಕೊಟ್ಟು ಬರುವುದು ನೆಪ, ಅಲ್ಲಿನ ಮಂಡಕ್ಕಿ ಮೆಣಸಿನಕಾಯಿ ಮೇಲೆ ಕಣ್ಣು. ಕಬ್ಬಿಣದ ದೊಡ್ಡ ಕಾಟಾ ಇತ್ತು. ಕೆಳಗೆ ಹಲಗೆ, ಮೇಲೆ ದಂಡಿಗೆ, ದಂಡಿಗೆಯ ಮೇಲೆ ಆಚೀಚೆ ಸರಿಯುವ ಗುಂಡು. ಪ್ರತಿ ರೈತನ ಮಾಲು ಬಂದಾಗಲೂ ಅಪ್ಪ ಹಲಗೆಯನ್ನು ಕೈಯಲ್ಲಿ ಒರೆಸಿ, ಗುಂಡನ್ನು ಸೊನ್ನೆಗೆ ತಂದು, ದಂಡಿಗೆ ಸಮ ನಿಲ್ಲುವ ತನಕ ಕಾಯುತ್ತಿದ್ದರು. ಹಮಾಲರಿಗೆ ಬೇಜಾರು. ಹೆಗಲ ಮೇಲೆ ಚೀಲ ಹೊತ್ತು ನಿಂತವನಿಗೆ ಆ ಅರ್ಧ ನಿಮಿಷ ದೊಡ್ಡದು. "ಈಗ ನೋಡಿದ್ರಲ್ಲ ಯಜಮಾನ್ರೆ, ಮತ್ಯಾಕ?" ಅನ್ನುತ್ತಿದ್ದರು. ಅಪ್ಪ ತಲೆ ಎತ್ತುತ್ತಿರಲಿಲ್ಲ. "ಹಿಂದಿನವನ ಕಾಳು ನಾಲ್ಕು ಉಳಿದಿರ್ತಾವ" ಅನ್ನುವುದಷ್ಟೇ ಉತ್ತರ.

ಒಂದು ದಿನ ಜಗಳೂರು ಕಡೆಯ ಒಬ್ಬ ಮುದುಕ ಮೆಕ್ಕೆಜೋಳ ತಂದಿದ್ದ. ಊರಿನ ಗಿರಣಿಯಲ್ಲಿ ಒಂದು ಚೀಲ ತೂಗಿಸಿ, ಅದರ ಮೂಲೆಗೆ ಕೆಂಪು ದಾರ ಕಟ್ಟಿಕೊಂಡು ಬಂದಿದ್ದ. 60 ಕಿಲೋ. ಇಲ್ಲಿ ಆ ಚೀಲ ಇಟ್ಟರೆ 58 ಚಿಲ್ಲರೆ ತೋರಿಸಿತು. ಮುದುಕ ಗಲಾಟೆ ಮಾಡಲಿಲ್ಲ, ಸುಮ್ಮನೆ ದಾರ ಹಿಡಿದು ತೋರಿಸಿದ. "ಮತ್ತೊಮ್ಮೆ ಇಡ್ರೋ" ಅಂದ ಸಾಹುಕಾರರು. ಹಮಾಲ ಎತ್ತಿ ಇಟ್ಟ. 60 ಬಂತು. "ನೋಡು, ಸರಿ ಐತಲ್ಲ" ಅಂತ ಸಾಹುಕಾರರು ಒಳಗೆ ಹೋದರು.

ಅಪ್ಪ ಹೋಗಲಿಲ್ಲ. ಬರೆಯಲೂ ಇಲ್ಲ. ಕಾಟಾದ ಸುತ್ತ ಒಂದು ಸುತ್ತು ಹಾಕಿದರು. ಬಗ್ಗಿ ನೋಡಿದರು. ಆಮೇಲೆ ಹಮಾಲನಿಗೆ ಹೇಳಿ ಚೀಲವನ್ನು ಮೊದಲು ಇದ್ದ ಹಾಗೇ ಇಡಿಸಿದರು. ಮತ್ತೆ 58. ಚೀಲದ ಹೆಗಲು ಹಿಂದಿನ ಗೋಡೆಗೆ ಒರಗಿತ್ತು. ನೋಡಿದರೆ ಗೊತ್ತೂ ಆಗುತ್ತಿರಲಿಲ್ಲ. ಎರಡು ಕಿಲೋ ಭಾರವನ್ನು ಗೋಡೆ ಹೊತ್ತುಕೊಂಡಿತ್ತು. ಕಾಟಾವನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆಸಿ, ಅವತ್ತು ಬೆಳಿಗ್ಗೆಯಿಂದ ತೂಗಿದ್ದ ಅಷ್ಟೂ ಮಾಲನ್ನು ಮತ್ತೆ ತೂಗಿಸಿದರು. ಊಟ ನಾಲ್ಕು ಗಂಟೆಗೆ. ನನ್ನ ಮಂಡಕ್ಕಿ ಅವತ್ತು ತಪ್ಪಿತು.

ತಪ್ಪು ತೂಕ ಮತ್ತೆ ಬರುವ ಹಾಗೆ ಮಾಡಿದರಲ್ಲ, ಅದೇ ನನಗೆ ಈಗ ದೊಡ್ಡದಾಗಿ ಕಾಣುತ್ತದೆ. ಸಾಹುಕಾರರಿಗೆ 60 ಬೇಕಿತ್ತು, ಬಂತು. ಅಪ್ಪನಿಗೆ 58 ಬೇಕಿತ್ತು.

ಏನೇನು ತಾಗಿತ್ತು

ಆ ಏಪ್ರಿಲ್‌ನಲ್ಲಿ ಹೊಸ ಕೆಲಸ ನಿಲ್ಲಿಸಿ ಆರು ವಾರ ಟೆಸ್ಟುಗಳ ನೆಲ ಸರಿಮಾಡಿದೆವು. ಬೆಂಗಳೂರಿನವರು ಮೊದಲು ಗೊಣಗಿದರು. ಆರು ವಾರಕ್ಕೆ ತೋರಿಸಲು ಒಂದು ಹೊಸ ಬಟನ್ನೂ ಇರುವುದಿಲ್ಲ, ಅವರ ಗೊಣಗಾಟ ಸಹಜವೇ. ನಾವು ಹುಡುಕಿದ್ದು ಒಂದೇ: ಟೆಸ್ಟಿಗೆ ಎಲ್ಲೆಲ್ಲಿ ಗೋಡೆ ತಾಗುತ್ತಿದೆ?

ಮೊದಲು ಗಡಿಯಾರ. ಕೋಡು ತಾನೇ ಹೋಗಿ ಸಮಯ ಕೇಳುವುದನ್ನು ನಿಲ್ಲಿಸಿದೆವು. ಸಮಯವನ್ನು ಹೊರಗಿನಿಂದ ಕೈಗೆ ಕೊಡಬೇಕು. ಈಗ ಟೆಸ್ಟಿನೊಳಗೆ ಗಡಿಯಾರ ಓಡುವುದಿಲ್ಲ, ನಾವು ಹೇಳಿದಲ್ಲಿ ನಿಲ್ಲುತ್ತದೆ. ಮಾರ್ಚ್ 31 ರಾತ್ರಿ 11:59. ಏಪ್ರಿಲ್ 1 ಬೆಳಿಗ್ಗೆ 4:50. 5:29, 5:31. ಫೆಬ್ರವರಿ 29. ಮಧ್ಯಾಹ್ನ ಮೂರಕ್ಕೆ ಓಡಿಸಿದರೂ ಒಳಗೆ ಬೆಳಗಿನ ಜಾವ.

ಆಮೇಲೆ ಡೇಟಾಬೇಸ್. ಇದು ನಮ್ಮ ಸೋಮಾರಿತನ. ಅಂಗಡಿಗಳ ಲೆಕ್ಕ ಇರುವುದು ಪೋಸ್ಟ್‌ಗ್ರೆಸ್‌ನಲ್ಲಿ. ಟೆಸ್ಟ್ ಬೇಗ ಮುಗಿಯಲಿ ಅಂತ ಅಲ್ಲಿ ಎಸ್‌ಕ್ಯುಲೈಟ್ ಇಟ್ಟಿದ್ದೆವು. ಎರಡೂ ಡೇಟಾಬೇಸೇ, ಆದರೆ ಸ್ವಭಾವ ಬೇರೆ. ಎಸ್‌ಕ್ಯುಲೈಟ್ ಸಂಖ್ಯೆಯ ಕಾಲಮ್ಮಿಗೆ ಅಕ್ಷರ ತುರುಕಿದರೂ ಸಾಮಾನ್ಯವಾಗಿ ಸುಮ್ಮನೆ ತೆಗೆದುಕೊಳ್ಳುತ್ತದೆ. ಇಲ್ಲದ ರೈತನ ಹೆಸರಿಗೆ ಪಟ್ಟಿ ಬರೆದರೂ, ನಾವಾಗಿ ಹೇಳಿ ಆ ಕಾವಲನ್ನು ಚಾಲೂ ಮಾಡದಿದ್ದರೆ ತಡೆಯುವುದಿಲ್ಲ. ಪೋಸ್ಟ್‌ಗ್ರೆಸ್ ಎರಡಕ್ಕೂ ಒಪ್ಪುವುದಿಲ್ಲ. ಊರಿನ ಕೆರೆಯಲ್ಲಿ ಈಜು ಕಲಿತು ಹೊಳೆಗೆ ಇಳಿದಂತಿತ್ತು ನಮ್ಮ ಸ್ಥಿತಿ. ಈಗ ಪ್ರತಿ ಓಟಕ್ಕೂ ಡಾಕರ್ ಕಂಟೇನರಿನಲ್ಲಿ (ಸಾಫ್ಟ್‌ವೇರಿಗೆ ಬೇಕಾದದ್ದನ್ನೆಲ್ಲ ತುಂಬಿಟ್ಟ ಪ್ರತ್ಯೇಕ ಪೆಟ್ಟಿಗೆ ಅನ್ನಿ) ಹೊಸದಾಗಿ ಪೋಸ್ಟ್‌ಗ್ರೆಸ್ ಏಳುತ್ತದೆ, ಅಂಗಡಿಗಳಲ್ಲಿರುವ ಅದೇ ಆವೃತ್ತಿ. ಪ್ರತಿ ಟೆಸ್ಟ್ ಮುಗಿದ ಮೇಲೆ ಅದು ಬರೆದದ್ದೆಲ್ಲ ವಾಪಸ್. ಹಿಂದಿನವನ ಕಾಳು ಉಳಿಯಬಾರದು. ಓಟಕ್ಕೆ ಹನ್ನೊಂದು ನಿಮಿಷ ಜಾಸ್ತಿಯಾಯಿತು. ಹೋಗಲಿ.

ಕನ್ನಡದಿಂದಾದ ಪಾಡು ಬೇರೆಯೇ. ಇಂಗ್ಲಿಷಿನಲ್ಲಷ್ಟೇ ಕೆಲಸ ಮಾಡುವವರಿಗೆ ಇದು ಬರುವುದಿಲ್ಲ, ಹಾಗಾಗಿ ಯಾರೂ ಎಚ್ಚರಿಸುವುದೂ ಇಲ್ಲ. ನಮ್ಮ ಕಂಟೇನರಿನಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಪಟ್ಟಿಯ ಪಿಡಿಎಫ್ ತಯಾರಾಗುತ್ತಿತ್ತು, ಅಕ್ಷರಗಳ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು. ಟೆಸ್ಟ್ ಹಸಿರು! ಯಾಕೆಂದರೆ ಅದು ಕೇಳುತ್ತಿದ್ದದ್ದು "ಪಿಡಿಎಫ್ ಬಂತಾ" ಅಂತ ಮಾತ್ರ. ಊರುಗಳ ಹೆಸರಿನ ಸಾಲಿನಲ್ಲೂ ಎಡವಟ್ಟು. ಕಂಪ್ಯೂಟರಿನ ಅಕ್ಷರ ಸಂಖ್ಯೆ ನೋಡಿ ಜೋಡಿಸಿದರೆ ಳ ಬಂದು ಲ ಪಕ್ಕ ಕೂರುತ್ತದೆ, ವ, ಶ, ಸ ಎಲ್ಲಕ್ಕಿಂತ ಮುಂಚೆ. ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಅದರ ಜಾಗ ಹ ಆದ ಮೇಲೆ. ಹಾಗಾಗಿ ನನ್ನ ಯಂತ್ರದಲ್ಲಿ ಬಸವಾಪಟ್ಟಣ ಮೊದಲು, ಬಳ್ಳಾರಿ ಆಮೇಲೆ, ಕಂಟೇನರಿನಲ್ಲಿ ತಲೆಕೆಳಗು. ಭಾಷೆಯ ಸೆಟ್ಟಿಂಗ್ ಎರಡು ಕಡೆ ಬೇರೆ ಇದ್ದದ್ದೇ ಕಾರಣ. ಈಗ ಫಾಂಟ್, ಭಾಷೆ ಎರಡನ್ನೂ ಕಂಟೇನರಿನ ಒಳಗೇ ಬರೆದಿಟ್ಟಿದ್ದೇವೆ. ಪಟ್ಟಿಯ ಚಿತ್ರವನ್ನು ಮೊದಲೇ ಒಪ್ಪಿಕೊಂಡ ಚಿತ್ರದ ಜೊತೆ ಹೋಲಿಸಿ ನೋಡುತ್ತೇವೆ.

ಹೊರಗಿನವರ ಗೋಡೆಗಳೂ ಇದ್ದವು. ಒಂದು ಸಲ ನಮ್ಮ ಟೆಸ್ಟ್ ನಿಜವಾದ ಎಸ್‌ಎಂಎಸ್ ಸೇವೆಯನ್ನೇ ಕರೆದು, ನಿಜವಾದ ಅಡಿಕೆ ವ್ಯಾಪಾರಿಯೊಬ್ಬರಿಗೆ ರಾತ್ರಿ "ನಿಮ್ಮ ಬಾಕಿ 0.00" ಅಂತ ಹದಿನಾಲ್ಕು ಮೆಸೇಜ್ ಕಳಿಸಿತ್ತು. ಅವರು ಬೈಯಲಿಲ್ಲ. "ಹದಿನಾಲ್ಕು ಸಲ ಹೇಳಿದ್ದೀರಿ, ಇನ್ನು ಬಾಕಿ ಕೇಳಂಗಿಲ್ಲ" ಅಂದರು. ಈಗ ಟೆಸ್ಟ್ ಓಡುವ ಕಡೆಯಿಂದ ಹೊರಗಿನ ದಾರಿಯೇ ಮುಚ್ಚಿದೆ. ಎಸ್‌ಎಂಎಸ್ ಸೇವೆಯ ಜಾಗದಲ್ಲಿ ಒಂದು ಬೊಂಬೆ ಇದೆ. ಅದು ಹೂಂ ಅನ್ನುತ್ತದೆ, ಕೆಲವು ಸಲ ಬೇಕಂತಲೇ ತಡಮಾಡುತ್ತದೆ. ಎರವಲು ತಂದ ಕೋಡುಗಳ ಆವೃತ್ತಿಗಳನ್ನೂ ಕಟ್ಟಿಹಾಕಿದೆವು. "ಇತ್ತೀಚಿನದು ಯಾವುದಿದೆಯೋ ಅದು" ಅಂತ ಬರೆದರೆ ಇವತ್ತಿನ ಯಂತ್ರ ನಾಳೆ ಇರುವುದಿಲ್ಲ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅನ್ನುವ 11 ಸಾಲಿನ ಪುಟಾಣಿ ಕೋಡನ್ನು ಅದರ ಲೇಖಕ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಎಷ್ಟೋ ಜನರ ಕೆಲಸ ನಿಂತಿತ್ತು. ಹನ್ನೊಂದೇ ಸಾಲು.

ಮತ್ತೆ ಆ ಕೆಟ್ಟ ಅಭ್ಯಾಸ: "ಮೂರು ಸೆಕೆಂಡ್ ಕಾಯಿ, ಆಮೇಲೆ ನೋಡು." ಯಂತ್ರ ಸುಸ್ತಾದ ದಿನ ಮೂರು ಸಾಲುವುದಿಲ್ಲ, ಐದು ಮಾಡುತ್ತೇವೆ, ಆಮೇಲೆ ಹತ್ತು. ಅಕ್ಕಿ ಬೆಂದಿದೆಯಾ ಅಂತ ಅಗುಳು ಹಿಸುಕಿ ನೋಡುತ್ತಾರೆ, ಗಡಿಯಾರವನ್ನಲ್ಲ. ಇಂಥ ನೂರಾ ಹತ್ತು ಕಾಯುವಿಕೆಗಳನ್ನು ತೆಗೆದು, ಕೆಲಸ ಮುಗಿದಿದೆಯಾ ಅಂತ ಕೇಳಿ ಮುಂದೆ ಹೋಗುವ ಹಾಗೆ ಮಾಡಿದೆವು. ಡೇಟಾಬೇಸ್ ತಿಂದ ಹನ್ನೊಂದು ನಿಮಿಷ ಇಲ್ಲಿ ವಾಪಸ್ ಬಂತು.

ಇಷ್ಟರ ನಡುವೆ ಒಂದು ದಿನ ನಾನು ಸುಸ್ತಾಗಿ, ಇಷ್ಟೊಂದು ಬೇಕಾ ಅಂತ ಗೊಣಗಿದ್ದಕ್ಕೆ ನಮ್ಮ ಸಹೋದ್ಯೋಗಿ ಚಳ್ಳಕೆರೆಯ ಮಾತು ತೆಗೆದರು. ಅವರ ಜಿಲ್ಲೆ, ಹೆಮ್ಮೆ ಇರಬೇಕಾದ್ದೇ. ಅಲ್ಲಿನ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇಸ್ರೋದವರು ರೆಕ್ಕೆಯ ವಾಹನ ಪುಷ್ಪಕ್ ಇಳಿಸಿದ್ದು ನೆನಪಿರಬಹುದು. ಇಳಿಯುವುದನ್ನು ಪರೀಕ್ಷಿಸಲು ಅವರು ಬಾಹ್ಯಾಕಾಶಕ್ಕೆ ಹೋಗಲಿಲ್ಲ. 2023ರ ಏಪ್ರಿಲ್ 2ಕ್ಕೆ ಚಿನೂಕ್ ಹೆಲಿಕಾಪ್ಟರಿನಲ್ಲಿ 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದು ತಾನಾಗೇ ರನ್‌ವೇಗೆ ಬಂದು ಇಳಿಯಿತು. 2024ರ ಮಾರ್ಚ್‌ನಲ್ಲಿ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್‌ನಲ್ಲಿ 500 ಮೀಟರ್, ಗಾಳಿಯೂ ಜೋರಿತ್ತು. "ಎಷ್ಟು ಪಕ್ಕಕ್ಕೆ ಬಿಟ್ಟಿದ್ದೀವಿ ಅಂತ ಗೊತ್ತಿದ್ರೆ ತಾನೇ ಸರ್, ಎಷ್ಟು ಸರಿಮಾಡ್ಕೊಂಡಿತು ಅಂತ ಗೊತ್ತಾಗೋದು" ಅಂದರು. ನಾವು ಬಿಟ್ಟಿದ್ದು ಎಲ್ಲಿಂದ ಅಂತಲೇ ನಮಗೆ ಗೊತ್ತಿರಲಿಲ್ಲ.

ಈಗ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಕೆಂಪಾದ ಟೆಸ್ಟನ್ನು ಮತ್ತೊಮ್ಮೆ ಓಡಿಸಬಹುದು, ಆದರೆ ಹಸಿರು ಮಾಡಲು ಅಲ್ಲ, ಮತ್ತೆ ಕೆಂಪು ಬರಿಸಲು. ಯಾವ ಸಾಲಿನಲ್ಲಿ ಓಡಿತು, ಎಷ್ಟು ಹೊತ್ತಿಗೆ, ಎಷ್ಟು ಮೆಮೊರಿ ಇತ್ತು ಎಲ್ಲ ದಾಖಲಾಗಿರುತ್ತದೆ. ಅದೇ ಸಾಲನ್ನು ಮತ್ತೆ ಹೊಂದಿಸಬಹುದು. ಎಲ್ಲವೂ ಸರಿಹೋಗಿದೆ ಅಂತ ಹೇಳಲಾರೆ. ಪ್ರಿಂಟರಿನದೊಂದು ಟೆಸ್ಟ್ ತಿಂಗಳಿಗೊಮ್ಮೆ ಬೀಳುತ್ತದೆ. ಎಂಟು ತಿಂಗಳಿಂದ ಅದರ ಹಿಂದೆ ಬಿದ್ದಿದ್ದೇವೆ, ಕಾರಣ ಇನ್ನೂ ಸಿಕ್ಕಿಲ್ಲ. ಅದರ ಹೆಸರಿನ ಮುಂದೆ ಫ್ಲೇಕಿ ಅಂತ ಬರೆಯಲು ನಮ್ಮ ಸಹೋದ್ಯೋಗಿ ಬಿಡುತ್ತಿಲ್ಲ. "ಗೊತ್ತಿಲ್ಲ" ಅಂತ ಬರೆಸಿದ್ದಾರೆ.

ಮುಂದಿನ ವರ್ಷದ ಏಪ್ರಿಲ್ 1ಕ್ಕೆ ಅಲಾರಂ ಇಟ್ಟು ನಾಲ್ಕೂವರೆಗೆ ಎದ್ದೆ. ಆ ಹೊತ್ತಿನ ಟೆಸ್ಟ್ ವರ್ಷವಿಡೀ ಹಸಿರೇ ಇತ್ತು, ಏಳುವ ಅಗತ್ಯ ಇರಲಿಲ್ಲ. ಆದರೂ ಎದ್ದೆ. ಪಟ್ಟಿಗಳು ಬರುವುದನ್ನು ನೋಡುತ್ತಾ ಕತ್ತಲಲ್ಲಿ ಕೂತಿದ್ದೆ. 4:41ಕ್ಕೆ ಮೊದಲನೆಯದು ಬಿತ್ತು. ನಂಬರ್ 1, ತಾರೀಖು 1 ಏಪ್ರಿಲ್, ಸೌತೆಕಾಯಿ, ಮೂರು ಚೀಲ. ತಡೆಯಲಾರದೆ ಫೋನ್ ಮಾಡಿದೆ.

"ಸಾಹುಕಾರ್ರೆ, ಪಟ್ಟಿ ಸರಿ ಬಂತಾ?"

"ಬಂತಲ್ಲೋ ತಮ್ಮಾ. ಯಾಕ, ಬರ್ತಿರ್ಲಿಲ್ಲೇನು?" ಹಿಂದೆ ಯಾರೋ ಟೊಮೆಟೊ ರೇಟು ಕೂಗುತ್ತಿದ್ದರು. "ನೀನ್ಯಾಕೆ ಇಷ್ಟೊತ್ತಿಗೆ ಎದ್ದೀಯಪ್ಪಾ?"